ಎರಡು ಗ್ರಾಂ

ಜೂನ್ 12, ಬುಧವಾರ

ಮತ್ತೆ ಅದೇ ಟಕಟಕ. ಪರೀಕ್ಷೆಯ ಯಂತ್ರ ಬೆಳಗಿನಿಂದ ಕಂಪ್ಯೂಟರ್ ಮೌಸಿನ ಎಡಗುಂಡಿ ಒತ್ತುತ್ತಲೇ ಇತ್ತು. ನಿಲ್ಲಿಸಿ ಮನೆಗೆ ಬಂದರೂ ಕಿವಿಯೊಳಗೆ ನಿಲ್ಲುವುದಿಲ್ಲ. ಗುಂಡಿಗೇನೂ ಆಗುವುದಿಲ್ಲ, ಗೊತ್ತು. ಸೋಲುವುದು ಯಾವಾಗಲೂ ಮೌಸಿನ ಪಕ್ಕದ ಗೋಡೆ. ಕಂಪ್ಯೂಟರ್ ಆಟಗಾರರು ಮೌಸನ್ನು ಬರೀ ಎಳೆಯುವುದಿಲ್ಲ — ಎರಡು ಬೆರಳಲ್ಲಿ ಹಿಂಡಿ ಎತ್ತುತ್ತಾರೆ, ಮತ್ತೆ ಕುಕ್ಕುತ್ತಾರೆ. ದಿನವಿಡೀ ಅದೇ. ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ ಮಾಡು ಅನ್ನುವವರೂ ಅವರೇ.

ಒಳಗೆ ಗೋಡೆಯಿಂದ ಗೋಡೆಗೆ ಒಂದು ಅಡ್ಡಪಟ್ಟಿ ಹಾಕಿದೆ. ಗೋಡೆ ಗಟ್ಟಿಯಾಯಿತು. ತೂಕ ಎರಡು ಗ್ರಾಂ ಏರಿತು. ಕಾಫಿ ಹೊತ್ತಿನಲ್ಲಿ ಮಾಲ್ಟೆಯ ಮುಖ ನೋಡಬೇಕಿತ್ತು. ನಮ್ಮ ಐದು ಜನರ ಕಂಪನಿಗೆ ಯಜಮಾನ, ವಯಸ್ಸಿನಲ್ಲಿ ನನ್ನ ತಮ್ಮನಿಗಿಂತ ಚಿಕ್ಕವ.

“ಉಲ್ರಿಕಾ, ನಲವತ್ತು ಗ್ರಾಂ ಒಳಗೆ ಬರ್ಲೇಬೇಕು. ಡಬ್ಬಿ ಮೇಲೆ ನಲವತ್ತೊಂದು ಅಂತ ಹಾಕಿದ್ರೆ ಯಾರು ಮುಟ್ತಾರೆ?”

“ಮುರಿದ ಮೇಲೆ ಎಷ್ಟು ತೂಗತ್ತೆ, ಅದನ್ನೂ ಹಾಕು.”

“ಬ್ಯಾಟರಿ ಕಿತ್ತು ಹಾಕಿ, ಹಳೇ ಕಾಲದ ಹಾಗೆ ವೈರಿನ ಬಾಲ ಕಟ್ಟಿ,” ಅಂದ ಸೆರ್ವಾನ್. ವಿದ್ಯುತ್ತಿನ ಕೆಲಸವೆಲ್ಲ ಅವನದು. “ತೂಕಾನೂ ಇಳಿಯತ್ತೆ, ನನ್ನ ತಲೆನೋವೂ ಇಳಿಯತ್ತೆ.”

ಯಾರೂ ಪಟ್ಟಿ ಬೇಡ ಅನ್ನಲಿಲ್ಲ. ಯಾರೂ ಸರಿ ಅನ್ನಲೂ ಇಲ್ಲ. ದಾಲ್ಚಿನ್ನಿ ಬನ್ನು ಮುಗಿಯಿತು. ಪಟ್ಟಿ ಉಳಿಯಿತು ಅಂತಲೇ ಅರ್ಥ. ಸಂಜೆ ಕಾರ್ಖಾನೆಗೆ ನಕ್ಷೆ ಕಳಿಸಿದೆ. ಸುಸ್ತು.

ಜೂನ್ 21, ಬೇಸಿಗೆಯ ನಡುಹಬ್ಬ

ಹೊಸ ಆಲೂಗಡ್ಡೆ, ಉಪ್ಪಿನಲ್ಲಿಟ್ಟ ಮೀನು, ಜಿಟಿಜಿಟಿ ಮಳೆ. ಮಗಳು ತೂವಾ ಬಂದು ಊಟಕ್ಕೆ ಕೂತಳು, ಅದೇ ದೊಡ್ಡದು. ಇಪ್ಪತ್ತು ವರ್ಷದ ಹುಡುಗಿ, ಬಲ ಮಣಿಕಟ್ಟನ್ನು ಮುದುಕಿಯ ಹಾಗೆ ನೀವಿಕೊಳ್ಳುತ್ತಾಳೆ. ಕಂಪ್ಯೂಟರ್ ಆಟ ಆಡುವುದೇ ಅವಳ ಕೆಲಸ. ಅಕ್ಟೋಬರ್‌ನಲ್ಲಿ ಮಾಲ್ಮೋದಲ್ಲಿ ಅರ್ಹತಾ ಪಂದ್ಯ. ಗೆದ್ದರೆ ಅವಳ ತಂಡ ಮೇಲಿನ ಲೀಗಿಗೆ ಹೋಗುತ್ತದೆ. ಸೋತರೆ ತಂಡವೇ ಮುಚ್ಚುತ್ತದಂತೆ.

“ನೋವಾ?” ಅಂದೆ.

“ಸ್ವಲ್ಪ. ನಿನ್ನ ಮೌಸ್ ಯಾವಾಗ ಬರತ್ತೆ?”

ನನ್ನ ಮೌಸ್! ಅದರ ಉಬ್ಬು, ತಗ್ಗು, ಎಲ್ಲ ಅವಳ ಅಂಗೈ ನೋಡಿಯೇ ಮಾಡಿದ್ದು. ಕಂಪನಿಯಲ್ಲಿ ಯಾರಿಗೂ ಹೇಳಿಲ್ಲ. ಆಗಸ್ಟ್ ಅಂದೆ.

ಜುಲೈ 9

ಸರೋವರದ ಆಚೆಯ ಗುಡಿಸಲು. ಫೋನು ಬ್ರೆಡ್ಡಿನ ಡಬ್ಬಿಯಲ್ಲಿ. ಜುಲೈನಲ್ಲಿ ಕೆಲಸದ ಮಾತೆತ್ತುವವನಿಗೆ ಹುಚ್ಚು ಅಂತಾರೆ ಇಲ್ಲಿ. ಬೇಸಿಗೆ ರಜೆ, ಕಂಪನಿಗೆ ಬೀಗ, ಎಲ್ಲರ ಮಿಂಚಂಚೆಯಲ್ಲೂ ಒಂದೇ ಉತ್ತರ: ಆಗಸ್ಟ್ ಐದಕ್ಕೆ ಸಿಗುತ್ತೇವೆ, ಬೇಸಿಗೆ ಚೆನ್ನಾಗಿರಲಿ. ಈಜಿದೆ. ಮಲಗಿದೆ. ಟಕಟಕ ಕೇಳಿಸಲಿಲ್ಲ. ಅಷ್ಟೇ.

ಆಗಸ್ಟ್ 5, ಸೋಮವಾರ

ಅಯ್ಯೋ ದೇವರೇ.

ಚೀನಾದ ಕಾರ್ಖಾನೆಯಿಂದ ಮೂರು ಪತ್ರ. ಮೊದಲನೆಯದು: ನಿಮ್ಮ ಅಡ್ಡಪಟ್ಟಿ ಇರುವಲ್ಲಿ ಚಿಪ್ಪಿನ ಹೊರಮೈ ಗುಳಿ ಬೀಳುತ್ತಿದೆ, ನೋಡಲು ಚೆನ್ನಾಗಿಲ್ಲ, ಪಟ್ಟಿ ತೆಗೆಯಬಹುದೇ? ಎರಡನೆಯದು: ದಯವಿಟ್ಟು ಬೇಗ ತಿಳಿಸಿ. ಮೂರನೆಯದು: ನೀವು ಬೇಡವೆನ್ನದ ಕಾರಣ ತೆಗೆದಿದ್ದೇವೆ, ಸರಕು ಹಡಗು ಹತ್ತಿದೆ. ಮೂರಕ್ಕೂ ಸಿಕ್ಕ ಉತ್ತರ — ಬೇಸಿಗೆ ಚೆನ್ನಾಗಿರಲಿ.

ಬೈಯುವುದು ಯಾರನ್ನು? ಅವರು ಮೂರು ಸಲ ಕೇಳಿದ್ದಾರೆ. ಜಗತ್ತಿನಲ್ಲಿ ಬೇರೆ ಯಾರು ಹೀಗೆ ಇಡೀ ದೇಶಕ್ಕೆ ಬೀಗ ಹಾಕಿ ನೀರಿಗಿಳಿಯುತ್ತಾರೆ?

ಆಗಸ್ಟ್ 28

ಡಬ್ಬಿಗಳು ಬಂದವು. ತೂಗಿದೆವು. ಮೂವತ್ತೊಂಬತ್ತು. ಮಾಲ್ಟೆ ಮೇಜು ಕುಟ್ಟಿ ಕುಣಿದ.

“ನೋಡಿದ್ಯಾ! ತಾನಾಗೇ ಬಂತು!”

“ಗೋಡೆ ಬಿಡತ್ತೆ ಮಾಲ್ಟೆ. ಎರಡು ತಿಂಗಳು ಬಾಳತ್ತೆ. ಹೆಚ್ಚಂದ್ರೆ ಮೂರು.”

“ಮ್… ನೋಡೋಣ, ಯೋಚನೆ ಮಾಡೋಣ,” ಅಂದ. ಅಂದರೆ ಆಗುವುದಿಲ್ಲ.

ಸಂಜೆ ತೂವಾಗೆ ಒಂದು ಕೊಟ್ಟೆ. ಕೊಡಬಾರದಿತ್ತು. ಕೊಡದೆ ಇರಲಾಗಲಿಲ್ಲ. ಅರ್ಧ ಗಂಟೆ ಆಡಿ ಅಡುಗೆಮನೆಗೆ ಓಡಿ ಬಂದಳು. ಕಣ್ಣಲ್ಲಿ ನೀರು.

“ಅಮ್ಮ, ನೋಯ್ತಾ ಇಲ್ಲ! ಕೈಯಲ್ಲಿ ಏನೂ ಇಲ್ಲ ಅನ್ನೋ ಹಾಗಿದೆ!”

ಅಪ್ಪಿಕೊಂಡಳು. ವರ್ಷವೇ ಆಗಿತ್ತು, ಹಾಗೆ ಅಪ್ಪಿಕೊಂಡು. ಪಟ್ಟಿಯ ವಿಷಯ ಹೇಳಲು ಬಾಯಿ ಬರಲಿಲ್ಲ.

ಸೆಪ್ಟೆಂಬರ್ 8

ಇವತ್ತು ಹೇಳಿದೆ. ಒಳಗೆ ಪಟ್ಟಿಯಿಲ್ಲ, ಮುರಿಯುತ್ತದೆ ಅಂತ. ಕೇಳಿಸಿಕೊಂಡಳೋ ಇಲ್ಲವೋ. “ಮುರಿದಾಗ ನೋಡೋಣ” ಅಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಈಗ ನೋವಿಲ್ಲವಲ್ಲ, ತಿಂಡಿ ಮುಗಿಸಿ ಕೂತರೆ ಸಂಜೆಯವರೆಗೂ ಆಟ. ಊಟಕ್ಕೆ ಕರೆದರೂ ಇಲ್ಲ. ತಟ್ಟೆ ಬಾಗಿಲ ಬಳಿ ಇಟ್ಟು ಬರುತ್ತೇನೆ.

ಸೆಪ್ಟೆಂಬರ್ 27, ಶುಕ್ರವಾರ

ಬಿಟ್ಟಿತು. ನಿನ್ನೆ ಅಭ್ಯಾಸದ ಆಟದ ನಡುವೆ, ಹೆಬ್ಬೆರಳಿನ ಕಡೆಯ ಗೋಡೆ. ಬಿರುಕು ಬಿಟ್ಟು ಒಳಗೆ ಕುಸಿದು, ಅಲ್ಲಿದ್ದ ಗುಂಡಿಯನ್ನು ತಾನೇ ಒತ್ತಿ ಹಿಡಿಯಿತಂತೆ. ಆಟ ಹೋಯಿತು. ತರಬೇತುದಾರ ಎಲ್ಲರೆದುರು ಅಂದನಂತೆ: “ಮಾಲ್ಮೋದಲ್ಲಿ ಹೀಗಾದ್ರೆ ನೀನು ಮನೆಗೆ ಹೋಗು.”

ಮುರಿದದ್ದನ್ನು ಇವತ್ತು ಕಾಫಿ ಮೇಜಿನ ಮೇಲಿಟ್ಟೆ. ಮಾಲ್ಟೆ ಅದನ್ನು ತಿರುವಿ ತಿರುವಿ ನೋಡಿದ. ಬಿಳಚಿಕೊಂಡ. ಕೆಟ್ಟವನಲ್ಲ ಪಾಪ, ಮನೆ ಅಡವಿಟ್ಟು ಕಂಪನಿ ಮಾಡಿದವ.

“ಮಾರೋದು ಬೇಡ,” ಅಂದ ಕೊನೆಗೆ. “ಪಟ್ಟಿ ಹಾಕ್ಸೋಣ.”

ಗೆದ್ದೆನಲ್ಲ. ಸಂತೋಷ ಯಾಕೋ ಆಗಲಿಲ್ಲ.

ಅಕ್ಟೋಬರ್ 6

ಮನೆಯಲ್ಲೇ ಎರಡು ಮೌಸ್ ಬಿಚ್ಚಿ ಅಂಟು ಹಾಕಿ ಪಟ್ಟಿ ಕೂರಿಸಿದೆ. ಹಿಂಡಿದೆ, ಎತ್ತಿ ಕುಕ್ಕಿದೆ, ಕಲ್ಲಿನ ನೆಲಕ್ಕೆ ಬೀಳಿಸಿದೆ. ಜಪ್ಪಯ್ಯ ಅನ್ನಲಿಲ್ಲ. ತೂವಾ ಎತ್ತಿದ ತಕ್ಷಣ ಮುಖ ಕಿವುಚಿದಳು.

“ಭಾರ.”

“ಎರಡೇ ಗ್ರಾಂ ಕಣೇ! ಒಂದು ಕಾಗದದ ಚೂರು.”

“ನಿನ್ನ ಕೈ ಅಲ್ವಲ್ಲ.”

ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಅಂತಲೇ ಬಂತು.

ಅಕ್ಟೋಬರ್ 18, ಸಂಜೆ

ಮಾಲ್ಮೋದಿಂದ ಫೋನು. ಎರಡೂ ಬಗೆಯದನ್ನು ತೆಗೆದುಕೊಂಡು ಹೋಗಿದ್ದಾಳೆ, ಗಟ್ಟಿಯದೂ ಹಗುರದೂ. ಹಿಂದೆ ಯಾರೋ ನಗುತ್ತಿದ್ದರು.

“ಅಮ್ಮ, ನಾಳೆ ಯಾವುದರಲ್ಲಿ ಆಡ್ಲಿ? ನೀನೇ ಹೇಳು.”

“ಕೈ ಹೇಗಿದೆ?”

“ಕೈ ಇದೆ ಬಿಡು. ಮೌಸ್ ಯಾವುದು ಹೇಳು.”

ಹೊಸದೊಂದು ಹಗುರದ್ದು ಒಂದು ದಿನಕ್ಕೆ ಖಂಡಿತ ಬಾಳುತ್ತಿತ್ತು. ನನಗೆ ಗೊತ್ತಿತ್ತು. ಆದರೆ ಆ ತರಬೇತುದಾರನ ಮಾತು… ಅಕಸ್ಮಾತ್ ಬಿಟ್ಟರೆ? ನನ್ನ ಕೈಯಾರೆ ಮಾಡಿದ ವಸ್ತು ನನ್ನ ಮಗಳನ್ನು ಮನೆಗೆ ಕಳಿಸಿದರೆ?

“ಗಟ್ಟಿಯದು,” ಅಂದೆ.

“ಸರಿ,” ಅಂದಳು. ಚಿಕ್ಕವಳಿದ್ದಾಗ ಹಾಗೆ ಅನ್ನುತ್ತಿದ್ದಳು.

ಅಕ್ಟೋಬರ್ 19, ಶನಿವಾರ

ಬೆಳಗಿನ ರೈಲಿಗೆ ಹೋಗಿ ಮಧ್ಯಾಹ್ನದಿಂದ ಸಭಾಂಗಣದಲ್ಲಿ ಕೂತಿದ್ದೆ. ಪರದೆ ಅರ್ಥವಾಗುವುದಿಲ್ಲ ನನಗೆ, ಇಷ್ಟು ವರ್ಷವಾದರೂ. ಅವಳ ಕೈಯನ್ನೇ ನೋಡಿದೆ. ಎತ್ತು, ಕುಕ್ಕು. ಎತ್ತು, ಕುಕ್ಕು. ಮೊದಲ ಆಟ ಸೋತರು. ಎರಡನೆಯದು ಗೆದ್ದರು. ಮೂರನೆಯದು ಮುಗಿಯುವ ಲಕ್ಷಣವೇ ಇಲ್ಲ, ಸಮ, ಮತ್ತೆ ಸಮ. ಜನ ಕುರ್ಚಿ ಬಿಟ್ಟು ಎದ್ದು ನಿಂತರು. ನಾನೂ ನಿಂತೆ, ಗೋಡೆ ಬಿಡದಿರಲಿ ಅಂತ.

ಬಿಡಲಿಲ್ಲ. ಬೆರಳುಗಳು ಬಿಟ್ಟವು. ಎತ್ತಲು ಹೋದಳು, ಮೌಸು ಅಲ್ಲೇ ಉಳಿಯಿತು, ಕೈ ಮಾತ್ರ ಬಂತು. ಮತ್ತೆ ಪ್ರಯತ್ನಿಸಿದಳು. ಬೆರಳು ಮಡಚಲಿಲ್ಲ. ತಲೆ ಬಗ್ಗಿಸಿ ತನ್ನ ಕೈಯನ್ನು ನೋಡುತ್ತ ಕೂತಳು. ಪರದೆಯ ಮೇಲೆ ಅವಳು ಆಡಿಸುವ ಆಳು ಸುಮ್ಮನೆ ನಿಂತಿದ್ದ. ಎದುರಿನವರು ಬಂದು ಹೊಡೆದರು. ತೂವಾಳ ತಂಡ ಸೋತಿತು.

ಹಿಂದಿನ ಕೋಣೆಯಲ್ಲಿ ಐಸು ಹಿಡಿದು ಕೂತಿದ್ದಳು. ಮೌಸನ್ನು ಎಡಗೈಯಲ್ಲಿ ನನಗೆ ಚಾಚಿದಳು.

“ತಗೋ. ಇದಕ್ಕೇನೂ ಆಗಿಲ್ಲ ಅಮ್ಮ.”

ಅವಳು ಕೊಂಕಾಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಅಕ್ಟೋಬರ್ 24

ವೈದ್ಯೆ ಕೈ ತಿರುವಿ ನೋಡಿದಳು. ಸ್ನಾಯುಗಳು ಊದಿ ಹೋಗಿವೆ. ಆರು ತಿಂಗಳು ಮೌಸ್ ಮುಟ್ಟುವ ಹಾಗಿಲ್ಲ, ಆಮೇಲೂ ಇಷ್ಟು ಆಡುವ ಮಾತಿಲ್ಲ. ನಾನು ಸೆಪ್ಟೆಂಬರಿನ ಆಟವನ್ನೂ ಎರಡು ಗ್ರಾಮಿನ ಕತೆಯನ್ನೂ ಹೇಳಿದೆ. ನಕ್ಕುಬಿಟ್ಟಳು.

“ಎರಡು ಗ್ರಾಮಿಗೆ ಯಾರ ಕೈಯೂ ಹೀಗಾಗಲ್ಲ. ದಿನಕ್ಕೆ ಹತ್ತು ಗಂಟೆ ಆಡಿದ್ರೆ ಆಗತ್ತೆ. ಸೆಪ್ಟೆಂಬರಲ್ಲಿ ಯಾಕೆ ಅಷ್ಟು ಆಡಿದ್ಲು?”

ನೋವಿರಲಿಲ್ಲ, ಅದಕ್ಕೆ. ನೋಯದ ಹಾಗೆ ಮಾಡಿಕೊಟ್ಟವಳು ನಾನು. ವೈದ್ಯೆಗೆ ಹೇಳಲಿಲ್ಲ.

ನವೆಂಬರ್ 6

ತಂಡ ಮುಚ್ಚಿತು. ತೂವಾ ತನ್ನ ಕೋಣೆಯಲ್ಲಿ ಮಲಗಿಯೇ ಇರುತ್ತಾಳೆ. ಮಾಲ್ಟೆ ಮೆಲ್ಲಗೆ ಕೇಳಿದ: “ಆ ಮೌಸ್ ಇದೆಯಾ? ಮಾಲ್ಮೋದ್ದು? ಫೋಟೋ ತೆಗೆಯೋಣ ಅಂತ… ಅಷ್ಟು ಹೊಡೆತ ತಿಂದೂ ಒಂದು ಗೀರಿಲ್ಲ ಅಂತ ಹಾಕಬಹುದು.”

ಸೆರ್ವಾನ್ ಅವನ ಕಾಲು ತುಳಿದ. ನಾನು ಎದ್ದು ಹೋದೆ. ಪರೀಕ್ಷೆಯ ಯಂತ್ರದ ಪ್ಲಗ್ ಕಿತ್ತೆ. ಸುಮ್ಮನೆ.

ನವೆಂಬರ್ 17, ಭಾನುವಾರ, ಮಧ್ಯಾಹ್ನ

ಇವತ್ತು ಎದ್ದು ಬಂದಳು. ತಲೆ ಬಾಚಿದ್ದಳು. ಬಟಾಣಿ ಸೂಪನ್ನು ಎಡಗೈಯಲ್ಲಿ ಕುಡಿದಳು, ಒಂದು ತೊಟ್ಟೂ ಚೆಲ್ಲದೆ. ಅಭ್ಯಾಸ ಮಾಡಿಕೊಂಡಿದ್ದಾಳೆ ಅಂತ ಆಗಲೇ ನನಗೆ ಹೊಳೆಯಬೇಕಿತ್ತು.

“ಅಮ್ಮ, ಎಡಗೈಗೆ ಒಂದು ಮಾಡಿಕೊಡ್ತೀಯಾ?”

“ಏನು?”

“ಮೌಸ್. ಎಡಗೈಯವರಿಗೆ ಒಳ್ಳೇದು ಎಲ್ಲೂ ಇಲ್ಲ, ಹುಡುಕಿದೆ. ಒಂದು ವರ್ಷ ಕೂತ್ರೆ ಬರತ್ತೆ ನಂಗೆ. ಖಂಡಿತ ಬರತ್ತೆ. ಹಗುರದ್ದು ಮಾಡು. ಪಟ್ಟಿ ಬೇಡ.”

ಎಷ್ಟೋ ವಾರದ ಮೇಲೆ ಮುಖದಲ್ಲಿ ಕಳೆ. ಬೇಡ ಮಗಳೇ, ಆ ಒಂದು ಕೈಯಾದರೂ ಇರಲಿ — ಇಷ್ಟು ಹೇಳಬೇಕಿತ್ತು. ನಾಲ್ಕು ಮಾತು. “ಮ್… ನೋಡೋಣ” ಅಂದೆ. ಮಾಲ್ಟೆಯ ಹಾಗೆ. ಅವಳಿಗೆ ಮಾತ್ರ ಅದು ಹೂಂ ಅಂತ ಕೇಳಿಸಿತು, ಕುಣಿಯುತ್ತ ಕೋಣೆಗೆ ಹೋದಳು.

ಹೇಳುತ್ತೇನೆ. ಇವತ್ತೇ ಹೇಳುತ್ತೇನೆ. ಅಂಗೈಯ ಅಚ್ಚು ತೆಗೆಯುವ ಮಣ್ಣು ಒಲೆಯ ಪಕ್ಕ ಮೆತ್ತಗಾಗುತ್ತಿದೆ, ಯಾಕೆ ತಂದಿಟ್ಟೆನೋ ಗೊತ್ತಿಲ್ಲ. ಬಂದಳು. ಎದುರು ಕೂತು ಎಡ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟಿದ್ದಾಳೆ. ಏನು ಬರೀತಿದ್ದೀಯ ಅಂತ ಕೇಳುತ್ತಿದ್ದಾಳೆ. ಮೊದಲು ಒಂದು ಅಳತೆ ಮಾತ್ರ ತೆಗೆದುಕೊಂಡು, ಆಮೇಲೆ