ತಾತನ ಬೆನ್ನಿನ ಪರವಾಗಿ

ಅಡಿಲೇಡ್
ಆಗಸ್ಟ್ 14, ಭಾನುವಾರ

ಅಮ್ಮಾ,

ತಾತ ಎದ್ದು ನಿಂತಿದ್ದಾನೆ. ಎಲ್ಲಕ್ಕಿಂತ ಮೊದಲು ಇದನ್ನೇ ಬರೆದಿದ್ದೇನೆ. ಉಳಿದದ್ದನ್ನು ನೀನು ಓದದೆ ಎತ್ತಿಡಬಹುದು. ಆದರೂ ಓದು.

ಶಸ್ತ್ರಚಿಕಿತ್ಸೆಗೆ ಅವನನ್ನು ಒಪ್ಪಿಸಿದವಳು ನಾನು. ಐವತ್ತು ವರ್ಷ ಬಗ್ಗಿ ಕುರಿಗಳ ಉಣ್ಣೆ ಕತ್ತರಿಸಿದ ಬೆನ್ನು ಅದು. ಕ್ರಿಸ್‌ಮಸ್ ಆದಮೇಲೆ ಕಾಲು ಜೋಮು ಹಿಡಿದು, ಗೇಟಿನವರೆಗೂ ನಡೆಯಲಾಗುತ್ತಿರಲಿಲ್ಲ. ಅವನಿಗೆ ಕತ್ತಿಯ ಭಯವಿರಲಿಲ್ಲ, ನೋವಿನ ಮಾತ್ರೆಗಳ ಭಯವಿತ್ತು. ಹಿಂದಿನ ಸಲ ಆಸ್ಪತ್ರೆಯಿಂದ ಅವನ ಜೊತೆ ಮನೆಗೆ ಬಂದ ಮಾತ್ರೆಗಳು ಒಂಬತ್ತು ವರ್ಷ ಅವನನ್ನು ಬಿಡಲಿಲ್ಲ. ನೀನು ಅವನ್ನು ಸಿಂಕಿಗೆ ಸುರಿದದ್ದು, ಅವನು ಮಗಳಾದ ನಿನ್ನ ಮೇಲೆ ಕೈಯೆತ್ತಿದ್ದು, ನೀನು ನನ್ನನ್ನು ಕರೆದುಕೊಂಡು ಬ್ರೋಕನ್ ಹಿಲ್ ಊರನ್ನೇ ಬಿಟ್ಟದ್ದು ನನಗೆ ನೆನಪಿದೆ. ಅವನು ಮಾತ್ರೆ ಬಿಟ್ಟು ಹನ್ನೊಂದು ವರ್ಷವಾಯಿತು. ಹದಿನೆಂಟು ತುಂಬಿದ ಕೂಡಲೇ ನಾನು ಅವನ ಬಳಿಗೆ ಹೋದದ್ದನ್ನು ನೀನಿನ್ನೂ ಕ್ಷಮಿಸಿಲ್ಲ.

ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಮಾಲೀಕನೊಡನೆ ಮಾತಾಡಲು ಕೆಲಸಗಾರರು ತಮ್ಮಲ್ಲೊಬ್ಬರನ್ನು ಆರಿಸುತ್ತಾರಲ್ಲ, ತಾತ ಹಾಗೇ ನನ್ನನ್ನು ಆರಿಸಿದ. ಅರಿವಳಿಕೆ ಕೊಡುವ ಡಾಕ್ಟರ್ ಪೆಟ್ರಾಕಿಸ್ ಬಂದಾಗ ಅವರಿಗೆ ಹೇಳಿದ: "ನನ್ನ ಕಡೆಯಿಂದ ಇವಳು ಮಾತಾಡ್ತಾಳೆ. ಚಳವಳಿಯ ಕರಪತ್ರ ಓದಿ ಓದಿ ತಲೆ ಕೆಟ್ಟಿದೆ, ಆದ್ರೆ ಹಿಡಿದ ಪಟ್ಟು ಬಿಡೋಳಲ್ಲ."

ನಾನು ಬೇಡಿಕೆ ಪತ್ರ ಬರೆದು ತಂದಿದ್ದೆ. ಆ ಮಾತ್ರೆಗಳಂಥ ಮಾರ್ಫಿನ್ ಜಾತಿಯದು ಒಂದು ತೊಟ್ಟೂ ಕೂಡದು. ಅವನ್ನು ಮಾರುವ ಕಂಪನಿಗಳು ಯಾರ ನೋವಿನ ಮೇಲೆ ಕೊಬ್ಬಿದವು ಎಂಬುದನ್ನೂ ಓದಿಹೇಳಿದೆ. ಡಾಕ್ಟರ್ ಪೂರ್ತಿ ಕೇಳಿಸಿಕೊಂಡರು. ಬೆನ್ನೆಲುಬಿನ ಎರಡೂ ಪಕ್ಕ, ಸ್ನಾಯುವಿನ ಅಡಿಯಲ್ಲಿ, ಮರಗಟ್ಟಿಸುವ ಔಷಧಿ ಬಿಡುತ್ತೇನೆ ಎಂದರು. ಬೆನ್ನಿಗೆ ಹೋಗುವ ನರಗಳಷ್ಟೇ ಮಲಗುತ್ತವೆ, ಮಾರ್ಫಿನ್ ಬಹಳ ಕಡಿಮೆ ಸಾಕಾಗಬಹುದು, ಎಪ್ಪತ್ತಾರರ ತಲೆಗೆ ಮಂಕು ಕವಿಯುವುದೂ ಕಡಿಮೆ. "ಒಂದು ತೊಟ್ಟೂ ಇಲ್ಲ ಅಂತ ಮಾತ್ರ ಮಾತು ಕೊಡಲ್ಲ. ನನ್ನದೂ ಒಂದು ಷರತ್ತಿದೆ, ನೋವು ಎಷ್ಟಿದ್ಯೋ ಅಷ್ಟೇ ಹೇಳ್ಬೇಕು."

ನಾನು ಕೈಕುಲುಕಿ ಒಪ್ಪಿಕೊಂಡೆ.

ಗುರುವಾರ ಬೆಳಿಗ್ಗೆ ತಾತನನ್ನು ಮಗ್ಗುಲಿಗೆ ಮಲಗಿಸಿ, ನನ್ನನ್ನು ತಲೆಯ ಹತ್ತಿರ ನಿಲ್ಲಲು ಬಿಟ್ಟರು. ಸ್ಕ್ಯಾನಿನ ಪರದೆಯ ಮೇಲೆ ಅವನ ಬೆನ್ನು ಬೂದು ಬಣ್ಣದ ಪದರ ಪದರವಾಗಿ ಕಂಡಿತು. ಡಾಕ್ಟರ್ ಅಲ್ಲಿನ ದಪ್ಪ ಸ್ನಾಯುವನ್ನು ನೋಡುತ್ತಾ, ದಿನಕ್ಕೆ ಎಷ್ಟು ಕುರಿ ಎಂದು ಕೇಳಿದರು. ಒಳ್ಳೆಯ ದಿನ ಇನ್ನೂರು, ಕೆಟ್ಟ ದಿನ ನೂರೆಂಬತ್ತು, ಆವತ್ತು ಯಾರೂ ಮಾತಾಡಿಸಬಾರದು ಎಂದ ತಾತ. ಅವರು ಇನ್ನೂ ಉದ್ದದ ಸೂಜಿ ತರಿಸಿದರು.

ಸೂಜಿ ಒಂದು ಬಿಳಿ ಗೆರೆಯಾಗಿ ಇಳಿಯಿತು. ಮೂಳೆಯ ಅಂಚು ಮುಟ್ಟಿ ನಿಂತಿತು. ಔಷಧಿ ಹರಿದಂತೆ ಆ ಸ್ನಾಯು ಮೂಳೆಯಿಂದ ಮೆಲ್ಲಗೆ ಮೇಲೆದ್ದಿತಮ್ಮಾ, ಪಳಗಿದ ಕೈಗೆ ಉಣ್ಣೆ ಎಲ್ಲೂ ಹರಿಯದೆ ಇಡಿಯಾಗಿ ಕುರಿಯಿಂದ ಬಿಟ್ಟುಬರುವ ಹಾಗೆ. ಔಷಧಿ ಯಾರ ಒಡೆತನದಲ್ಲಿದೆ ಎಂದು ನನ್ನ ಕರಪತ್ರಗಳು ಹೇಳಿಕೊಟ್ಟಿದ್ದವು. ಒಬ್ಬ ಮನುಷ್ಯನ ತಲೆಯನ್ನೂ ಬುದ್ಧಿಯನ್ನೂ ಮುಟ್ಟದೆ, ಅವನ ನೋವಿನ ದಾರಿಯನ್ನಷ್ಟೇ ಹುಡುಕಿ ಮುಚ್ಚಬಲ್ಲ ಕೈಗಳಿವೆ ಎಂದು ಯಾವುದೂ ಹೇಳಿರಲಿಲ್ಲ.

ಶಸ್ತ್ರಚಿಕಿತ್ಸೆ ಮುಗಿದ ಸಂಜೆಯೇ ತಾತ ಆಸ್ಪತ್ರೆಯ ಕಸ್ಟರ್ಡನ್ನು ಬೈದು ಬೈದು ತಿಂದ. ಹಿಂದಿನ ಸಲ ಮೂರು ದಿನ ಅವನು ನಿನ್ನ ಗುರುತು ಹಿಡಿದಿರಲಿಲ್ಲವಂತೆ. ಈ ಸಲ ನರ್ಸಿನ ಫುಟ್‌ಬಾಲ್ ತಂಡ ಯಾವುದೆಂದು ಕೇಳಿ ತಿಳಿದು ಗೇಲಿ ಮಾಡುತ್ತಿದ್ದ. ನಾನು ಮುಷ್ಕರ ಗೆದ್ದವಳಂತೆ ವರಾಂಡದಲ್ಲಿ ಓಡಾಡಿದೆ.

ಈಗ ಬರೆಯಲು ಕಷ್ಟವಾದದ್ದು. ಒಪ್ಪಂದಕ್ಕೆ ಕೈಕುಲುಕಿದ ಮೇಲೆ ನಾನು ತಾತನಿಗೆ, ನೋವು ಎಷ್ಟೆಂದು ಯಾರು ಕೇಳಿದರೂ ಹತ್ತಕ್ಕೆ ಎರಡು ಅನ್ನು ಎಂದು ಹೇಳಿಕೊಟ್ಟಿದ್ದೆ. ಶುಕ್ರವಾರ ಬೆಳಿಗ್ಗೆ ಮರಗಟ್ಟಿದ್ದು ಬಿಡುತ್ತಾ ಬಂತು. ನರ್ಸ್ ಕೇಳಿದಳು, ಎರಡು ಎಂದ. ಮತ್ತೆ ಕೇಳಿದಳು, ಎರಡು. ಮಂಚದ ಕಂಬಿ ಹಿಡಿದ ಅವನ ಬೆರಳ ಗೆಣ್ಣುಗಳು ಬಿಳಿಚಿದ್ದವು. ಉಸಿರನ್ನು ಗಂಟಲಿನಿಂದ ಕೆಳಗೆ ಬಿಡುತ್ತಿರಲಿಲ್ಲ. ತನ್ನನ್ನು ಎಬ್ಬಿಸಿ ನಿಲ್ಲಿಸಲು ಬಂದವರನ್ನು ನಾಳೆ ನೋಡೋಣ ಎಂದು ಕಳಿಸಿದ. ನಾನು ಎಲ್ಲ ನೋಡುತ್ತಾ ಮಧ್ಯಾಹ್ನದವರೆಗೆ ಕುರ್ಚಿಯಲ್ಲಿ ಕೂತಿದ್ದೆ. ಸಹಿಸಿಕೊಂಡಷ್ಟೂ ಗೆಲ್ಲುತ್ತಿದ್ದೇವೆ ಅಂದುಕೊಂಡಿದ್ದೆ.

ಪೆಟ್ರಾಕಿಸ್ ಬಂದು ಅವನನ್ನು ನೋಡಿದರು, ಆಮೇಲೆ ನನ್ನನ್ನು. ಹೀಗೆ ಮೇಲುಸಿರು ಬಿಡುತ್ತಾ ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಈ ವಯಸ್ಸಿನಲ್ಲಿ ಅದೇ ಕೊಲ್ಲುತ್ತದೆ ಎಂದರು.

"ಎರಡಲ್ಲ," ಅಂದೆ. "ನಾನೇ ಹೇಳಿಕೊಟ್ಟಿದ್ದು."

ತಾತ ಗೋಡೆಯ ಕಡೆ ಮುಖ ತಿರುಗಿಸಿದ. ಆ ಕಡೆ ನೋಡುತ್ತಲೇ, ಎಂಟು ಎಂದ.

ಪೆಟ್ರಾಕಿಸ್ ಬೈಯಲಿಲ್ಲ. ಚಿಕ್ಕ ಪ್ರಮಾಣದಲ್ಲಿ ಒಂದು ಸಲ ಮಾರ್ಫಿನ್ ಕೊಟ್ಟು, ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. ಒಮ್ಮೆ ಕಚ್ಚಿದ ನಾಯಿಯನ್ನು ನೋಡುವಂತೆ ತಾತ ಆ ಸಿರಿಂಜನ್ನು ನೋಡುತ್ತಿದ್ದ. ಮೂರು ಗಂಟೆಗೆ ಎದ್ದು ಕಿಟಕಿಯವರೆಗೆ ನಡೆದ. ನಿನ್ನೆ ಒಂದೇ ಸಲ ಬೇಕಾಯಿತು. ಅವನೇ ಕೇಳಿದ, ಅವನೇ ಸಾಕು ಎಂದ. ಇಂದು ಈವರೆಗೆ ಕೇಳಿಲ್ಲ.

ನಿನ್ನ ಮೊಂಡು ಮಗಳು,
ಬ್ರೋನ್ವಿನ್

ಮರೆತಿದ್ದೆ: ಬರುವ ಶುಕ್ರವಾರ ಮನೆಗೆ ಕಳಿಸುವಾಗ ಆರು ಮಾತ್ರೆ ಕೊಡುತ್ತಾರೆ. ಅವನ್ನು ಯಾರಾದರೂ ತಮ್ಮ ಬಳಿ ಇಟ್ಟುಕೊಳ್ಳಬೇಕು. ಪೆಟ್ರಾಕಿಸ್ ನನ್ನ ಹೆಸರು ಬರೆಯಹೊರಟಾಗ ತಾತ ತಡೆದ. "ಇವಳ ಕೈಗೆ ಬೇಡ. ನಾನು ಒದ್ದಾಡಿ ಸತ್ರೂ ತತ್ವ ಬಿಡಲ್ಲ ಇವಳು. ನನ್ನ ಮಗಳು ನೋರೀನ್ ಹೆಸರು ಬರೀರಿ. ಬೇಕಾದಾಗ ಕೊಡ್ತಾಳೆ, ಬೇಡದಾಗ ಕಿತ್ಕೊಳ್ತಾಳೆ. ಆವತ್ತೂ ಅವಳು ಮಾಡಿದ್ದು ಸರಿಯಾಗೇ ಇತ್ತು." ನಿನ್ನ ಹೆಸರು ಬರೆದಿದ್ದಾರೆ.