ಮೇಷ್ಟ್ರ ರೂಮು

ಮನೆ ಮಾಲೀಕರಾದ ಅಕ್ಕನವರಿಗೆ,

ಮಹಡಿ ಮನೆಯ ಟೈಲರ್ ಮಾಡುವ ನಮಸ್ಕಾರ. ನೀವು ಮಗಳ ಊರಿನಿಂದ ಬರುವುದರೊಳಗೆ ಒಂದು ಮಾತು ಕೇಳಬೇಕಿತ್ತು. ನಮ್ಮ ಹಿಂಬದಿಯ ಕೋಣೆಯಲ್ಲಿ ನಿಮ್ಮ ಮುರುಕು ಕುರ್ಚಿಗಳಿವೆಯಲ್ಲ, ಅವನ್ನು ಮೆಟ್ಟಿಲ ಕೆಳಗೆ ಜೋಡಿಸಿ ಆ ಕೋಣೆಯನ್ನು ನಾವು ಬಳಸಬಹುದೇ?

ಇದಕ್ಕೆಲ್ಲ ಟಿವಿಯೇ ಕಾರಣ. ಹೊರದೇಶದವರು ಮನೆ ಕೊಳ್ಳುವ ಕಾರ್ಯಕ್ರಮವೊಂದು ಬರುತ್ತದೆ. ಅರಮನೆಯಂಥ ಮನೆಗೂ ಅವರು ಮೂಗು ಮುರಿದರೆ ನಮ್ಮತ್ತೆ ಟಿವಿಗೇ ಬೈಯುತ್ತಾರೆ. ಅಲ್ಲಿ ಮಾತುಮಾತಿಗೂ "ಮಾಸ್ಟರ್ ಬೆಡ್‌ರೂಮ್" ಅನ್ನುತ್ತಾರಲ್ಲ, ಮೊನ್ನೆ ಅದನ್ನು ಕೇಳಿ ಅತ್ತೆ ಕಣ್ಣರಳಿಸಿದರು.

"ನೋಡೇ, ಆ ದೇಶದಲ್ಲಿ ಮನೆಮನೆಗೂ ಮೇಷ್ಟ್ರಿಗೇ ಅಂತ ಒಂದು ರೂಮು! ಅದೂ ಎಲ್ಲಕ್ಕಿಂತ ದೊಡ್ಡದು. ನಮ್ಮನೇಲಿ ನಿಜವಾದ ಮೇಷ್ಟ್ರೇ ಇದ್ದಾರೆ, ನಿನ್ನ ಹೊಲಿಗೆ ಮಷಿನ್ ಪಕ್ಕ ಮುದುರಿಕೊಂಡು ಮಲಗ್ತಾರೆ."

ನಾನು ನಗು ತಡೆದುಕೊಂಡು ಮಾವನವರ ಮುಖ ನೋಡಿದೆ. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತರಾದವರು. ಅಂಗಡಿ ಬೋರ್ಡಿನಲ್ಲಿ ಒಂದಕ್ಷರ ತಪ್ಪಿದ್ದರೂ ಒಳಗೆ ಹೋಗಿ ಹೇಳಿ ಬರುವವರು. ಅವರು ಗಂಭೀರವಾಗಿ, "ಹೌದು ಕಣೇ, ಮುಂದುವರಿದ ದೇಶ," ಎಂದುಬಿಟ್ಟರು!

ಅಂದಿನಿಂದ ಅತ್ತೆ ನನ್ನ ಬೆನ್ನು ಬಿದ್ದು ಆ ಕೋಣೆಗೆ ನೀಲಿ ಪರದೆ ಹೊಲಿಸುತ್ತಿದ್ದಾರೆ. ದಯವಿಟ್ಟು ಹೂಂ ಅನ್ನಿ. ನೀವು ಬಂದಾಗ ಅವರೇ ಕೈಹಿಡಿದು ಕರೆದೊಯ್ದು ಎಲ್ಲ ತೋರಿಸುತ್ತಾರೆ. ಆಗ ಮಾತ್ರ ನಗಬೇಡಿ.

ಇಂತಿ,
ನಿಮ್ಮ ಮಹಡಿ ಮನೆಯ ಟೈಲರ್

ಮರೆತಿದ್ದೆ: ಈ ಪತ್ರದ ತಪ್ಪುಗಳನ್ನೆಲ್ಲ ಮಾವನವರೇ ಕೆಂಪು ಶಾಯಿಯಲ್ಲಿ ತಿದ್ದಿದ್ದಾರೆ. ಅತ್ತೆ ಆಡಿದ ಮಾತನ್ನು ಮಾತ್ರ ಮುಟ್ಟಿಲ್ಲ.