ಭರಣಿಯ ಮೇಲೆ ನಿನ್ನ ಫೋಟೊ

ಪೈನ್ ಫೆರಿ, ಅಲಬಾಮಾ
ಅಕ್ಟೋಬರ್ ೯, ಭಾನುವಾರ

ಮುದ್ದಿನ ಕೋಲ್ಬಿ,

ಹೇಗಿದ್ದೀಯೋ ಮಗನೇ? ಹೊಲಿಗೆ ಹಾಕಿದ ಕೈಯ ಗಾಯ ಮಾಯಿತೇ? ಜೈಲಿನ ಊಟ ಬಾಯಿಗೆ ಹಿಡಿಸದಿದ್ದರೂ ತಿನ್ನು, ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿದರೆ ನಿನಗೆ ವಾಂತಿಯಾಗುತ್ತದೆ. ನಾನು ಚೆನ್ನಾಗಿದ್ದೇನೆ. ಕೋಳಿ ಕಾರ್ಖಾನೆಯಲ್ಲಿ ದಿನವಿಡೀ ರೆಕ್ಕೆ ಕತ್ತರಿಸುವುದು, ಮನೆಗೆ ಬಂದು ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂರುವುದು. ನಿನ್ನ ನಾಯಿ ನನ್ನ ಮಾತು ಕೇಳುವುದಿಲ್ಲ, ಥೇಟ್ ನಿನ್ನ ಹಾಗೆಯೇ.

ಅಂದು ನಡೆದದ್ದು ನಿನಗೆ ನೆನಪೇ ಇಲ್ಲವೆಂದು ವಕೀಲೆ ಹೇಳಿದಳು. ಊರವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು. ನಿನಗೆ ಇಪ್ಪತ್ತಾರು ತುಂಬಿದ ತಿಂಗಳೇ ನನ್ನ ಕಾರ್ಖಾನೆಯ ವಿಮೆಯಿಂದ ನಿನ್ನ ಹೆಸರು ಕಿತ್ತುಹಾಕಿದರು, ಅಪ್ಪ ಅಮ್ಮನ ವಿಮೆ ಮಕ್ಕಳಿಗೆ ಆ ವಯಸ್ಸಿನವರೆಗೆ ಮಾತ್ರವಂತೆ. ಕೇಕಿನ ಮೇಲೆ ಮೇಣದಬತ್ತಿ ಹಚ್ಚುವಾಗ ನಾನು ಅತ್ತದ್ದು ಅದಕ್ಕೇ. ಔಷಧಿ ಅಂಗಡಿಯಲ್ಲಿ ನಿನ್ನ ಮನಸ್ಸಿನ ಕಾಯಿಲೆಯ ಮಾತ್ರೆಯ ಬೆಲೆ ಕೇಳಿ ಬರಿಗೈಯಲ್ಲಿ ಮನೆಗೆ ಬಂದೆ. ಆಮೇಲೆ ಈ ಊರಿನವರೆಲ್ಲ ಮಾಡುವುದನ್ನೇ ಮಾಡಿದೆ: ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ ತೊಳೆದು, ನಿನ್ನ ಶಾಲೆಯ ಫೋಟೊ ಅಂಟಿಸಿ, "ಕೋಲ್ಬಿಯ ಔಷಧಿಗೆ ಕೈಲಾದಷ್ಟು ಹಾಕಿ" ಎಂದು ಬರೆದು, ಹಾರ್ಲನ್‌ನ ಪೆಟ್ರೋಲ್ ಬಂಕಿನ ಗಲ್ಲಾದ ಪಕ್ಕ ಇಟ್ಟೆ. ಅಲ್ಲೇ ಪಕ್ಕದಲ್ಲಿದ್ದ, ಕ್ಯಾನ್ಸರ್ ಆದ ಮಗುವೊಂದರ ಭರಣಿ ವಾರದೊಳಗೆ ತುಂಬಿತ್ತು, ಚರ್ಚಿನವರು ಮೀನು ಕರಿದು ಮಾರಿ ಅದಕ್ಕೆ ದುಡ್ಡು ಸೇರಿಸಿದ್ದರು. ನಿನ್ನದರೊಳಗೆ ಯಾರೋ ಚ್ಯೂಯಿಂಗ್ ಗಮ್ ಉಗಿದಿದ್ದರು. ಪಾದ್ರಿಯ ಹೆಂಡತಿ ಲೊರೀನ್ ನನಗೇ ಬುದ್ಧಿ ಹೇಳಿದಳು: "ಅವನ್ಗೇನಮ್ಮಾ ರೋಗ? ಕೈಕಾಲು ಗಟ್ಟಿಯಾಗಿವೆ. ದುಡಿಯೋಕೆ ಹಚ್ಚು, ತಾನೇ ಸರಿಹೋಗ್ತಾನೆ." ಅವಳ ನಾಲಿಗೆ ಸೇದಿಹೋಗ!

ಮಾತ್ರೆ ನಿಂತ ಮೇಲೆ ನೀನು ನಿದ್ದೆ ಬಿಟ್ಟೆ, ಗೋಡೆಗೆ ತಲೆ ಚಚ್ಚಿಕೊಂಡೆ. ಕೊನೆಗೊಂದು ಮಧ್ಯಾಹ್ನ ಬಂಕಿಗೆ ಹೋಗಿ ಭರಣಿಯ ಮೇಲೆ ನಿನ್ನದೇ ಮುಖ ಕಂಡೆ. "ನನ್ನ ಯಾರೋ ಇದರೊಳಗೆ ತುಂಬಿದ್ದು? ಬಿಡ್ರೋ ಹೊರಗೆ!" ಎಂದು ಅರಚುತ್ತಾ ಕಬ್ಬಿಣದ ಸಲಾಕೆಯಿಂದ ಭರಣಿ ಒಡೆದೆ, ಕಿಟಕಿ ಒಡೆದೆ, ತಡೆಯಲು ಬಂದ ಹಾರ್ಲನ್‌ನ ದವಡೆಯನ್ನೂ ಒಡೆದೆ. ಅವನು ಬಿದ್ದ ಮೇಲೂ ಬಾರಿಸಿದೆ. ಸುದ್ದಿ ಕೇಳಿ ನಾನು ಓಡಿಬಂದಾಗ ನೀನು ಗಾಜಿನ ಚೂರುಗಳಲ್ಲಿ ಮೊಣಕಾಲೂರಿದ್ದೆ, ಮೊಣಕೈವರೆಗೆ ರಕ್ತ. "ಅಮ್ಮಾ, ಹೊರಗೆ ಬಂದ್ಬಿಟ್ಟೆ ನೋಡು" ಎಂದು ನಕ್ಕೆ. ಪೊಲೀಸರು ನಿನ್ನ ಬೆನ್ನ ಮೇಲೆ ಮಂಡಿಯೂರಿದರು. ಅವನಿಗೆ ಹುಷಾರಿಲ್ಲ ಎಂದು ನಾನು ಗಂಟಲು ಹರಿಯುವಂತೆ ಕಿರುಚಿದೆ, ಯಾರೂ ಕೇಳಲಿಲ್ಲ.

ಹಾರ್ಲನ್‌ಗೆ ಸೂಪು ಕೊಟ್ಟು ಬಂದೆ. ದವಡೆಗೆ ತಂತಿ ಬಿಗಿದಿದ್ದಾರೆ. ಹಲ್ಲು ಕಚ್ಚಿಕೊಂಡೇ ಗೊಣಗಿದ: "ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ, ವರ್ಲೀನ್. ನಂಗೂ ವಿಮೆ ಇಲ್ಲ ಕಣೇ." ಅವನ ದವಡೆಗೆಂದು ಅದೇ ಗಲ್ಲಾದ ಪಕ್ಕ ಹೊಸ ಭರಣಿ ಕೂತಿದೆ. ಥೂ, ಇದೂ ಒಂದು ದೇಶವೇ! ಮನೆಗೆ ಬೆಂಕಿ ಬಿದ್ದರೆ ಗಾಡಿ ಗಂಟೆ ಬಾರಿಸುತ್ತಾ ಬರುತ್ತದೆ. ನಿನಗೆಷ್ಟು ವಯಸ್ಸು, ಯಾವ ಕಾರ್ಖಾನೆ ಎಂದು ಕೇಳುವುದಿಲ್ಲ, ಎಲ್ಲರ ತೆರಿಗೆಯಲ್ಲಿ ಎಲ್ಲರ ಬೆಂಕಿಯೂ ಆರುತ್ತದೆ. ಔಷಧಿಯನ್ನೂ ಹಾಗೆ ಕೊಡಲು ಇವರಿಗೇನು ಧಾಡಿ?

ದೇವರು ನಿನ್ನ ನಿದ್ದೆ ಕಾಯಲಿ, ಕಂದಾ.

ನಿನ್ನ ಅಮ್ಮ,
ವರ್ಲೀನ್

ತಾ.ಕ.: ಇದನ್ನು ಬರೆಯಲು ಇಷ್ಟು ಹೊತ್ತೂ ಕೈ ಬರಲಿಲ್ಲ. ಗುರುವಾರ ನ್ಯಾಯಾಧೀಶರು, ಮಗನನ್ನು ಮನೆಗೆ ಕರೆದೊಯ್ಯುತ್ತೀರಾ ಎಂದು ನನ್ನನ್ನು ಕೇಳುತ್ತಾರಂತೆ. ಹೌದೆಂದರೆ ಅಂದೇ ಬಿಡುತ್ತಾರೆ. ನಾನು ಇಲ್ಲ ಅನ್ನುತ್ತೇನೆ. ಅಲ್ಲಿ ದಿನಾ ಬೆಳಿಗ್ಗೆ ನಿನ್ನ ಕೈಗೆ ಮಾತ್ರೆ ಹಾಕುತ್ತಾರೆ, ಪುಕ್ಕಟೆ. ಮನೆಯಲ್ಲಿ ಒಂದೂ ಇಲ್ಲ. ನನ್ನನ್ನು ಎಷ್ಟು ಬೇಕಾದರೂ ಬೈದುಕೋ, ಮಾತ್ರೆ ಮಾತ್ರ ನುಂಗು.